ಅರ್ಧ ಚಹಾ

ಮಹಾಕಾವ್ಯಕ್ಕೆ ಲಕ್ಷಣ ಹೇಳಿದ ನಮ್ಮ ಪ್ರಾಚೀನರು ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನಕ್ಕೆ ಒಂದು ಸ್ಥಾನವನ್ನು ಕೊಟ್ಟಿದ್ದಾರೆ, ಚಹಾಪಾನಕ್ಕೆ ಕೊಟ್ಟಿಲ್ಲ. ಅದು ಅವರ ಲೋಪವಲ್ಲ. ಆ ಕಾಲಕ್ಕೆ ಈ ಎಲೆ ನಮ್ಮ ನಾಡಿನ ಒಲೆಯನ್ನು ಏರಿರಲಿಲ್ಲ. ಏರಿದ್ದರೆ, ಹತ್ತೊಂಬತ್ತನೆಯ ವರ್ಣನೆಯೊಂದನ್ನು ಬರೆಯದೆ ಕವಿಗಳು ಬಿಡುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಹಲವು ವರ್ಷಗಳಿಂದ ದಾವಣಗೆರೆಯಲ್ಲಿ ಕನ್ನಡ ಪಾಠ ಹೇಳುತ್ತಿರುವ ನನಗೆ ಪಂಪ, ರನ್ನರು ಎಷ್ಟು ನೆರವಾಗಿದ್ದಾರೋ ಚಹಾವೂ ಅಷ್ಟೇ ನೆರವಾಗಿದೆ.

ನನ್ನ ಲೆಕ್ಕ ದಿನಕ್ಕೆ ಎರಡೂವರೆ ಕಪ್ಪು. ಮೊದಲನೆಯದು ನಸುಕಿನಲ್ಲಿ, ಮನೆಯವರು ಏಳುವ ಮುನ್ನ, ಶುಂಠಿ ಜಜ್ಜಿ ಹಾಕಿ ನಾನೇ ಕುದಿಸಿಕೊಂಡದ್ದು. ಎರಡನೆಯದು ಕಾಲೇಜಿನಲ್ಲಿ ಮೂರನೆಯ ಅವಧಿ ಮುಗಿದ ಮೇಲೆ. ಉಳಿದ ಅರ್ಧ ಸಂಜೆಯದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಸಂಗಡ, ಯಾವುದಾದರೂ ಸಣ್ಣ ಅಂಗಡಿಯ ಮುಂದೆ ನಿಂತು, ಜೊತೆಗೆ ಬಂದ ಸ್ನೇಹಿತರೊಬ್ಬರೊಡನೆ ಹಂಚಿಕೊಂಡದ್ದು. ಮೊದಲನೆಯದು ಎಚ್ಚರಕ್ಕೆ, ಎರಡನೆಯದು ಗಂಟಲಿಗೆ, ಆ ಅರ್ಧ ಮನಸ್ಸಿಗೆ. ಇವುಗಳಲ್ಲಿ ಯಾವುದನ್ನಾದರೂ ಬಿಡಲೇಬೇಕೆಂದು ವೈದ್ಯರು ಕಟ್ಟಪ್ಪಣೆ ಮಾಡಿದರೆ ಮೊದಲಿನ ಎರಡನ್ನೂ ಬಿಟ್ಟೇನು, ಅರ್ಧವನ್ನು ಬಿಡಲಾರೆ. ಪೂರ್ಣಕ್ಕಿಂತ ಅರ್ಧವು ಹೇಗೆ ಹೆಚ್ಚಾಯಿತು ಎಂದು ಗಣಿತದ ಅಧ್ಯಾಪಕರು ಕೇಳಬಹುದು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಚಹಾದ ವಿಷಯದಲ್ಲಿ ನಮ್ಮದು ಗಡಿಸೀಮೆ. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾಗುವವರೆಗೆ ಹರಿಹರದ ಬಳಿಯ ತುಂಗಭದ್ರೆ ಎರಡು ರಾಜ್ಯಗಳ ಎಲ್ಲೆಯಾಗಿದ್ದಿತು. ಈಚೆಯ ದಡ ಮೈಸೂರಿನದು. ಸೇತುವೆ ದಾಟಿದರೆ ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆ, ಅದರ ರಾಣೆಬೆನ್ನೂರು. ಸ್ಥೂಲವಾಗಿ ಹೇಳುವುದಾದರೆ, ಬಾಬಾಬುಡನ್‌ಗಿರಿಯ ಕಾಫಿ ಮೈಸೂರಿನ ಮನೆಗಳನ್ನು ಆಳಿತು. ಮುಂಬಯಿ-ಪುಣೆಗಳ ಕಡೆಯಿಂದ ಇಳಿದುಬಂದ ಚಹಾ ಧಾರವಾಡದ ಮನೆಗಳನ್ನು ಆಳಿತು. ನಡುವೆ ಇದ್ದ ನಾವು ಎರಡಕ್ಕೂ ಕಪ್ಪವನ್ನೊಪ್ಪಿಸಿದೆವು. ಇಂದಿಗೂ ನಮ್ಮ ಊರಿನಲ್ಲಿ ಒಬ್ಬರು ‘ಟೀ’ ಎನ್ನುತ್ತಾರೆ, ಪಕ್ಕದವರು ‘ಚಹಾ’ ಎನ್ನುತ್ತಾರೆ, ಅವರಾಚೆಯವರು ‘ಚಾ’ ಎಂದು ಮೊಟಕುಗೊಳಿಸುತ್ತಾರೆ. ಈ ಮಾತುಗಳೆಲ್ಲ ಚೀನಾದಿಂದಲೇ ಹೊರಟವು. ಅಲ್ಲಿಯ ಫೂಜಿಯನ್ ಕರಾವಳಿಯ ‘ತೆ’ ಎಂಬ ಉಚ್ಚಾರಣೆ ಡಚ್ಚರ ಹಡಗುಗಳಲ್ಲಿ ಯೂರೋಪಿಗೆ ಹೋಗಿ, ಇಂಗ್ಲಿಷಿನವರ ಬಾಯಿಂದ ‘ಟೀ’ ಆಗಿ ನಮಗೆ ಬಂತು. ಚೀನಾದ ಉಳಿದ ಕಡೆಯ ‘ಚಾ’ ಎಂಬುದು ಪಾರಸಿಕ ದೇಶದ ನೆಲದ ದಾರಿಯಿಂದಲೂ ಪೋರ್ಚುಗೀಸರ ಕಡಲ ದಾರಿಯಿಂದಲೂ ಹರಡಿ, ಮರಾಠಿಯ ನೆರೆಯಿಂದ ನಮಗೆ ‘ಚಹಾ’ ಆಯಿತು. ಲೋಕವನ್ನು ಎರಡು ದಿಕ್ಕಿನಿಂದ ಸುತ್ತಿಬಂದ ಮಾತುಗಳು ದಾವಣಗೆರೆಯ ಒಂದೇ ಗಲ್ಲದ ಮುಂದೆ ಎದುರುಬದುರಾಗುತ್ತವೆ. ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಸಿಕ್ಕದು.

ಚಹಾ ನಮ್ಮ ಸನಾತನ ಪಾನೀಯವೆಂಬ ಭ್ರಮೆ ಮಾತ್ರ ಬೇಡ. ಇದು ನಮಗೆ ಮಾರಲ್ಪಟ್ಟ ರುಚಿ. ಇಂಗ್ಲಿಷರು ಅಸ್ಸಾಮಿನಲ್ಲಿ ಬೆಳೆಸಿದ ಎಲೆ ಬಹುಕಾಲ ಹಡಗು ಹತ್ತಿ ಅವರ ದೇಶಕ್ಕೇ ಹೋಗುತ್ತಿತ್ತು. ೧೯೦೩ರಲ್ಲಿ ಚಹಾದ ಮೇಲೆ ಒಂದು ಕರವನ್ನು ವಿಧಿಸಿ, ಆ ಹಣದಿಂದ ಅದರ ಪ್ರಚಾರಕ್ಕೆ ತೊಡಗಿದರು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆ, ಕಲ್ಲಿದ್ದಲ ಗಣಿ, ಹತ್ತಿಯ ಗಿರಣಿಗಳಲ್ಲಿ ಚಹಾದ ಅಂಗಡಿ ಇಡಲು ತೋಟದ ಮಾಲೀಕರ ಸಂಘ ಉತ್ತೇಜನ ಕೊಟ್ಟಿತು. ದಣಿದ ಕೂಲಿಗಾರ ಒಂದು ಗುಟುಕು ಬಿಸಿ ಕುಡಿದರೆ ಇನ್ನಷ್ಟು ದುಡಿದಾನು ಎಂಬ ಲೆಕ್ಕಾಚಾರವೂ ಅದರೊಳಗೆ ಇದ್ದಿತು. ಗಾಂಧೀಜಿಯವರಿಗೆ ಇದು ಹಿಡಿಸಲಿಲ್ಲ. ೧೯೪೨ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಬರೆಯತೊಡಗಿದ ಆರೋಗ್ಯದ ಪುಸ್ತಕದಲ್ಲಿ ಅವರು ಚಹಾದೊಳಗಿನ ಟ್ಯಾನಿನ್ನಿನ ಕೆಡುಕನ್ನು ಎತ್ತಿ ಆಡಿದ್ದಾರೆ. ಅವರ ಮಾತನ್ನು ಅನೇಕ ವಿಷಯಗಳಲ್ಲಿ ಕೇಳಿದ ಜನ ಈ ಒಂದು ವಿಷಯದಲ್ಲಿ ಮಾತ್ರ ನಮಸ್ಕಾರ ಮಾಡಿ ಮುಂದೆ ಹೋದರು.

ಏಕೆ ಹೋದರು? ಎಲೆಯ ಮಹಿಮೆಯೊಂದೇ ಕಾರಣವೆಂದು ನನಗೆ ತೋರುವುದಿಲ್ಲ. ಮಾರುವವರು ಕಲಿಸಿದ್ದು, ಬಿಸಿನೀರಿನಲ್ಲಿ ಎಲೆ ನೆನೆಯಿಟ್ಟು, ಬೇಕೆನಿಸಿದರೆ ಹಾಲು ಸೇರಿಸುವ ಕ್ರಮ. ನಮ್ಮ ಜನ ಅದನ್ನು ಕೇಳಿಸಿಕೊಂಡು, ಹಾಲು, ಸಕ್ಕರೆ, ಶುಂಠಿ, ಏಲಕ್ಕಿಗಳನ್ನೆಲ್ಲ ಸೇರಿಸಿ ಗಳಗಳನೆ ಕುದಿಸಿಬಿಟ್ಟರು. ೧೯೩೦ರಲ್ಲಿ ಅಸ್ಸಾಮಿನ ತೋಟವೊಂದರಲ್ಲಿ ಹುಟ್ಟಿದ, ಎಲೆಯನ್ನು ಹಿಂಡಿ ಹರಿದು ಸುರುಳಿ ಸುತ್ತುವ ಯಂತ್ರದಿಂದ ಬಂದ ಹರಳು ಹರಳಿನ ಪುಡಿ ಈ ಕುದಿತಕ್ಕೆ ಹೇಳಿ ಮಾಡಿಸಿದಂತಿತ್ತು. ಸ್ವಲ್ಪ ಪುಡಿಯಲ್ಲಿ ಬಹಳ ಬಣ್ಣ, ಬಹಳ ಕಸುವು. ಆ ಮೇಲೆ ನಮ್ಮವರು ಇನ್ನೊಂದು ಕೆಲಸ ಮಾಡಿದರು. ಕಪ್ಪನ್ನು ಎರಡು ಮಾಡಿದರು.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಹತ್ತಿಯ ಗಿರಣಿಯ ಪಾಳಿ ಬಿಟ್ಟಾಗ ಹೊರಬಂದ ಕಾರ್ಮಿಕನ ಜೇಬಿನಲ್ಲಿ ಇಡೀ ಕಪ್ಪಿಗೆ ಸಾಲುವಷ್ಟು ಹಣ ಇರುತ್ತಿತ್ತೋ ಇಲ್ಲವೋ, ಜೊತೆಯಲ್ಲಿ ಒಬ್ಬ ಗೆಳೆಯನಂತೂ ಇರುತ್ತಿದ್ದ. ಹರಿಹರದಲ್ಲಿ ೧೯೪೧ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡುತ್ತಿತ್ತು. ಅಲ್ಲಿಯ ಕೆಲಸಗಾರರದೂ ಇದೇ ರೂಢಿ. ಇಂದು ನಮ್ಮ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿವೆ. ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಆದರೆ ‘ಅರ್ಧ ಚಹಾ ಕೊಡಪ್ಪಾ’ ಎಂಬ ಮಾತು ಮುಚ್ಚಲಿಲ್ಲ. ಹರಿಹರದಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗಲೆಲ್ಲ, ಕೆಲಸ ಹೋಗಿ ಎಷ್ಟೋ ವರ್ಷಗಳಾದ ಹಿರಿಯರು ಅದೇ ಹಳೆಯ ಪಾಳಿಯ ಹೊತ್ತಿಗೆ ಅಂಗಡಿಯ ಬೆಂಚಿನ ಮೇಲೆ ಕೂತು ಕಪ್ಪು ಹಂಚಿಕೊಳ್ಳುವುದನ್ನು ನೋಡುತ್ತೇನೆ. ಅಕ್ಕನ ಅತ್ತೆಯವರು ನದಿಯಾಚೆಯವರು. ಅವರು ಇಂದಿಗೂ ಕಪ್ಪಿನಿಂದ ಬಸಿಗೆ ಸುರಿದುಕೊಂಡೇ ಕುಡಿಯುವುದು. ಬಸಿಯಲ್ಲಿ ಕಡೆಗೆ ಉಳಿಯುವ ಎರಡು ಗುಟುಕು ಮೊಮ್ಮಗನದು. ಚಹಾ ಮಕ್ಕಳಿಗೆ ಒಳ್ಳೆಯದಲ್ಲವೆಂದು ಅಕ್ಕ ದಿನವೂ ಹೇಳುತ್ತಾಳೆ. ಅಜ್ಜಿಗೆ ದಿನವೂ ಕಿವಿ ಕೇಳಿಸುವುದಿಲ್ಲ.

ಇಡೀ ಕಪ್ಪನ್ನು ಒಬ್ಬನೇ ಕುಡಿಯಬಹುದು. ಅರ್ಧಕ್ಕೆ ಇನ್ನೊಬ್ಬ ಬೇಕೇಬೇಕು. ನನ್ನ ಮಟ್ಟಿಗೆ ಅರ್ಧದ ಹೆಚ್ಚಳ ಇಷ್ಟೇ. ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿಗೆ ಕಟ್ಟಿಸಿದ ಅವರ ಊರಿನ ಗುಡಿಯಲ್ಲಿ ನಿಂತಿರುವ ದೇವರೇ ಅರ್ಧ ಹರಿ, ಅರ್ಧ ಹರ. ಗುಹಾಸುರನನ್ನು ಕೊಲ್ಲಲು ಇಬ್ಬರಲ್ಲಿ ಒಬ್ಬೊಬ್ಬರೇ ಹೋಗಿದ್ದರೆ ಆಗುತ್ತಿರಲಿಲ್ಲವೆಂಬುದು ಸ್ಥಳಪುರಾಣ.

ಇಲ್ಲಿಯವರೆಗೆ ಸುಖದ ಮಾತಾಯಿತು. ಆದರೆ ಕಪ್ಪಿನ ಹಂಚಿಕೆಗೆ ನಮ್ಮ ನಾಡಿನಲ್ಲಿ ಇನ್ನೊಂದು ಮುಖವುಂಟು. ಒಂದೇ ಅಂಗಡಿ, ಒಂದೇ ಪಾತ್ರೆಯಲ್ಲಿ ಕುದಿದ ಒಂದೇ ಚಹಾ. ಲೋಟ ಮಾತ್ರ ಎರಡು ಬಗೆ. ಒಂದು ಬಗೆ ಒಳಗಿನ ಮಣೆಯ ಮೇಲೆ, ಇನ್ನೊಂದು ಹೊರಗಿನ ಗೂಟಕ್ಕೆ ಅಥವಾ ಸೂರಿನ ಸಂದಿಗೆ. ಹೊರಗಿನ ಲೋಟದವನು ಕುಡಿದು, ತಾನೇ ತೊಳೆದು, ಮತ್ತೆ ಅಲ್ಲಿಯೇ ಸಿಕ್ಕಿಸಬೇಕು. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹಗೊಳಿಸಿದ ಕಾನೂನು ೧೯೫೫ರಲ್ಲಿಯೇ ಬಂದಿತು. ಆ ಕಾನೂನಿನ ಕಣ್ಣಿಗೆ ಹೋಟೆಲಿನ ಲೋಟವೂ ಬಿದ್ದಿದೆ. ಆದರೂ ಕೆಲವು ಹಳ್ಳಿಗಳ ಪ್ರತ್ಯೇಕ ಲೋಟದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುವುದು ನಿಂತಿಲ್ಲ. ಚಹಾದ ಸುಖವೆಂದು ನಾವು ಹೊಗಳುವುದು ಯಾರ ಸುಖ ಎಂಬ ಪ್ರಶ್ನೆಗೆ ಉತ್ತರ ಎಲೆಯಲ್ಲಿಲ್ಲ, ಹಾಲಿನಲ್ಲಿಲ್ಲ. ಆ ಲೋಟದಲ್ಲಿದೆ.

ಈಗ ಕಾಗದದ ಲೋಟ ಬಂದಿದೆ. ಮೊದಲೇ ಹರಡುತ್ತಿದ್ದ ಅದು ೨೦೨೦ರ ಕೊರೋನಾ ಕಾಲದ ಭಯದಲ್ಲಿ ಮನೆಮಾತಾಯಿತು. ೨೦೨೨ರ ಜುಲೈ ೧ರಿಂದ ಪ್ಲಾಸ್ಟಿಕ್ ಲೋಟಗಳನ್ನು ನಿಷೇಧಿಸಿದ ಮೇಲೆ ಇನ್ನಷ್ಟು ಭದ್ರವಾಗಿ ಕುಳಿತಿತು. ಕೆಲವು ಮಿತ್ರರು ಇದನ್ನು ಸಮಾನತೆಯ ಸಾಧನವೆಂದು ಹೊಗಳುತ್ತಾರೆ: ಎಲ್ಲರಿಗೂ ಒಂದೇ ಲೋಟ, ಕುಡಿದ ಮೇಲೆ ಎಲ್ಲರದೂ ಒಂದೇ ಬುಟ್ಟಿ, ಇನ್ನೇನು ಬೇಕು? ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಗೂಟದ ಲೋಟಕ್ಕಿಂತ ಬುಟ್ಟಿಯ ಲೋಟ ಮೇಲು. ಆದರೆ ನನಗೆ ಸಮಾಧಾನವಿಲ್ಲ. ನೀವು ಕುಡಿದ ಲೋಟವನ್ನು ತೊಳೆದು ಅದರಲ್ಲಿ ನಾನೂ ಕುಡಿಯುತ್ತೇನೆ ಎಂಬುದು ಒಂದು ಸಮಾನತೆ. ನೀವು ಕುಡಿದುದನ್ನು ನಾನು ಮುಟ್ಟುವ ಪ್ರಸಂಗವೇ ಬಾರದಂತೆ ಏರ್ಪಾಡು ಮಾಡಿಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಮನಸ್ಸು ಬದಲಾಗಬೇಕು. ಎರಡನೆಯದರಲ್ಲಿ ಲೋಟ ಬದಲಾದರೆ ಸಾಕು. ಎಂಜಲಿನ ಭಯ ಇದ್ದಲ್ಲಿಯೇ ಇರುತ್ತದೆ. ಉಳಿದವರಿಗೆ ಗಾಜಿನ ಲೋಟ, ದಲಿತರಿಗೆ ಮಾತ್ರ ಬಿಸಾಡುವ ಲೋಟ ಕೊಡುವ ಅಂಗಡಿಗಳೂ ದೇಶದಲ್ಲಿ ಕಂಡುಬಂದಿವೆಯೆಂದ ಮೇಲೆ, ಕಾಗದಕ್ಕೆ ತಾನಾಗಿ ಯಾವ ಪುಣ್ಯವೂ ಇಲ್ಲವೆಂಬುದು ಸ್ಪಷ್ಟ.

ಇದು ಹಳ್ಳಿಯ ಮಾತು, ವಿದ್ಯಾವಂತರ ಮಾತಲ್ಲ ಎನ್ನುವವರು ಉಂಟು. ನಾನು ಹಿಂದೆ ಕೆಲಸ ಮಾಡಿದ ಕಾಲೇಜೊಂದರಲ್ಲಿ ಅಧ್ಯಾಪಕರಿಗೆ ಪಿಂಗಾಣಿಯ ಕಪ್ಪು, ಜವಾನರಿಗೂ ಕಸ ಗುಡಿಸುವ ಹೆಂಗಸರಿಗೂ ಕಾಗದದ ಲೋಟ. ಜಾತಿಯ ಹೆಸರನ್ನು ಅಲ್ಲಿ ಯಾರೂ ಎತ್ತಿದವರಲ್ಲ. ‘ಅವರಿಗೆ ತೊಳೆಯುವ ತೊಂದರೆ ತಪ್ಪಲಿ ಎಂದು’ ಎಂಬ ಉತ್ತರ ಸಿದ್ಧವಾಗಿತ್ತು. ನಮ್ಮ ಕಪ್ಪುಗಳನ್ನು ತೊಳೆಯುತ್ತಿದ್ದವರೂ ಅವರೇ. ಅದೇ ಕಟ್ಟಡದಲ್ಲಿ ಶಬರಿಯ ಎಂಜಲು ಹಣ್ಣನ್ನು ರಾಮನು ತಿಂದ ಕಥೆಯನ್ನು ಹೇಳಿ ವಿದ್ಯಾರ್ಥಿಗಳ ಕಣ್ಣು ತೇವಗೊಳಿಸಿ, ಗಂಟೆ ಬಾರಿಸಿದ ಕೂಡಲೆ ನಾವೆಲ್ಲ ನಮ್ಮ ನಮ್ಮ ಕಪ್ಪುಗಳ ಕಡೆಗೆ ನಡೆಯುತ್ತಿದ್ದೆವು.

ಕಾಗದದ ಲೋಟದ ಶುಚಿತ್ವವೂ ನಾವೆಣಿಸಿದಷ್ಟಿಲ್ಲ. ಬಿಸಿ ಚಹಾ ಸೋರದಿರಲೆಂದು ಅದರ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳುಪೊರೆಯನ್ನು ಅಂಟಿಸಿರುತ್ತಾರೆ. ಅಂಥ ಲೋಟದಲ್ಲಿ ೧೦೦ ಮಿಲಿಲೀಟರ್ ಬಿಸಿನೀರನ್ನು ೧೫ ನಿಮಿಷ ಇಟ್ಟರೆ ಸುಮಾರು ೨೫,೦೦೦ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಬೆರೆಯುತ್ತವೆಂದು ಖರಗ್‌ಪುರದ ಐಐಟಿಯ ಸಂಶೋಧಕರು ೨೦೨೦ರಲ್ಲಿ ತಿಳಿಸಿದರು. ಇನ್ನೊಬ್ಬರ ಎಂಜಲಿಗೆ ಅಂಜಿ ನಾವು ಕುಡಿಯುತ್ತಿರುವುದು ಇದನ್ನು.

ಅಂಗಡಿಯವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಒಬ್ಬನೇ ಚಹಾ ಕಾಸಿ, ಸೋಸಿ, ಚಿಲ್ಲರೆ ಎಣಿಸಿ, ಲೋಟವನ್ನೂ ತೊಳೆಯಬೇಕೆಂದರೆ ಕೈಗಳು ಸಾಲುವುದಿಲ್ಲ. ಬೇಸಗೆಯಲ್ಲಿ ನೀರಿಗೂ ಬರ. ಒಂದೇ ಬಕೆಟ್ಟಿನ ಕದಡಿದ ನೀರಿನಲ್ಲಿ ಮುಳುಗಿಸಿ ಎತ್ತಿದ ಲೋಟವನ್ನು ಮೆಚ್ಚಿ ಎಂದು ನಾನು ಯಾರನ್ನೂ ಒತ್ತಾಯಿಸಲಾರೆ. ಆದರೆ ಚಹಾದ ಒಲೆ ದಿನವಿಡೀ ಉರಿಯುತ್ತಲೇ ಇರುತ್ತದೆ. ಪಕ್ಕದಲ್ಲಿ ಒಂದು ಪಾತ್ರೆ ಕುದಿನೀರು ಇಡುವುದು ಅಸಾಧ್ಯವೇನಲ್ಲ. ಗಿರಾಕಿಗಳು ಕೇಳಿದರೆ ಅಂಗಡಿಯವರು ಇಡುತ್ತಾರೆ. ನಾವು ಕೇಳುವುದಿಲ್ಲ.

ಬೀದಿಯ ಅಂಗಡಿಗಿಂತ ಮೊದಲು ನಮ್ಮ ಕಾಲೇಜುಗಳು ಇದನ್ನು ಮಾಡಬೇಕು. ಅಲ್ಲಿ ನೀರಿದೆ, ಜಾಗವಿದೆ, ದುಡಿಯುವ ಕೈಗಳಿವೆ. ಪ್ರಾಚಾರ್ಯರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಒಂದೇ ಬಗೆಯ ಸ್ಟೀಲಿನ ಲೋಟಗಳಿರಲಿ. ಕುಡಿದವರು ಕುಡಿದುದನ್ನು ತಾವೇ ತೊಳೆದು, ಕುದಿನೀರಿನಲ್ಲಿ ಅದ್ದಿ, ಒಂದೇ ತಟ್ಟೆಯಲ್ಲಿ ಬೋರಲು ಹಾಕಲಿ. ಮರುದಿನ ಯಾರ ಲೋಟ ಯಾರ ಕೈಗೆ ಬಂದಿತೆಂಬುದು ಯಾರಿಗೂ ತಿಳಿಯದಂತಾಗಲಿ. ಹೊಸ ವರ್ಷದ ತರಗತಿಗಳು ಆರಂಭವಾಗುವ ಮೊದಲು ಅಧ್ಯಾಪಕ ಮಿತ್ರರು ತಮ್ಮ ತಮ್ಮ ಕಾಲೇಜುಗಳಲ್ಲಿ ಈ ಮಾತನ್ನು ಎತ್ತಬೇಕೆಂದು ನನ್ನ ಬಿನ್ನಹ. ಲೋಟಗಳಿಗೆ ತಗಲುವ ವೆಚ್ಚ ದೊಡ್ಡದಲ್ಲ. ನಾವು ನಾಲ್ವರು ಕೂಡಿ ನಮ್ಮ ವಿಭಾಗಕ್ಕೆ ಇಪ್ಪತ್ತನಾಲ್ಕು ಲೋಟಗಳನ್ನು ಈಗಾಗಲೇ ಕೊಂಡಿಟ್ಟಿದ್ದೇವೆ.