ಶೀಟು ಹಾರಿದರೆ ಬಾಗಿಲನ್ನು ನೋಡಿ

ಅಶ್ವಿನಿ, ಭರಣಿ ಮಳೆ ಬಂತೆಂದರೆ ನಮ್ಮೂರಲ್ಲಿ ಒಂದಾದರೂ ಶೆಡ್ಡಿನ ಶೀಟು ಹಾರುತ್ತೆ. ಮಾರನೇ ದಿನ ಎಲ್ಲರೂ ಶೀಟನ್ನೇ ಬೈತಾರೆ, ಮೇಲೆ ಇನ್ನೂ ನಾಲ್ಕು ಕಲ್ಲು ಹೇರ್ತಾರೆ. ಗೆಳೆಯರೇ, ನನ್ನ ಅಭಿಪ್ರಾಯ ಬೇರೆ. ಮೊದಲು ನೋಡಬೇಕಾದ್ದು ಬಾಗಿಲನ್ನು.

ಟ್ರ್ಯಾಕ್ಟರ್ ನಿಲ್ಲಿಸೋ ಶೆಡ್ಡಿನ ರೋಲಿಂಗ್ ಷಟರನ್ನು ಹತ್ತಿರದಿಂದ ನೋಡಿ. ಒಂದಕ್ಕೊಂದು ಸಿಕ್ಕಿಸಿದ ತೆಳು ತಗಡಿನ ಪಟ್ಟಿಗಳು. ಅವುಗಳ ತುದಿ ಎರಡೂ ಕಡೆ ಕಬ್ಬಿಣದ ಚಾನೆಲ್ಲಿನೊಳಗೆ ಸ್ವಲ್ಪವೇ ಕೂತಿರುತ್ತೆ. ಗಾಳಿ ತಳ್ಳಿದಾಗ ನಡು ಒಳಕ್ಕೆ ಬಾಗುತ್ತೆ. ಬಾಗಿದಷ್ಟೂ ತುದಿ ಚಾನೆಲ್ಲಿನಿಂದ ಜಾರುತ್ತೆ. ಒಂದು ಪಟ್ಟಿ ಕಳಚಿಕೊಂಡರೆ ಉಳಿದವೂ ಹಿಂದೆಯೇ ಬರ್ತವೆ. ಬಾಗಿಲು ಅಗಲವಾದಷ್ಟೂ ಈ ಕಾಟ ಜಾಸ್ತಿ.

ಎಷ್ಟು ಭಾರ ಬೀಳುತ್ತೆ? ಕಟ್ಟಡ ಕಟ್ಟುವವರಿಗೆ ಐಎಸ್ 875 ಎಂಬ ಭಾರತೀಯ ಮಾನಕ ಇದೆ. ಅದರ 3ನೇ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಗಾಳಿಯ ಮೂಲವೇಗ ಎಂದಿದೆ. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ಸಿಗುತ್ತೆ. 33ಕ್ಕೆ ಮಾಡಿ ನೋಡಿ: ಚದರ ಮೀಟರಿಗೆ 653 ನ್ಯೂಟನ್, ಅಂದರೆ ಸುಮಾರು 67 ಕೆ.ಜಿ. ಭಾರದಷ್ಟು. 10 ಅಡಿ ಅಗಲ, 8 ಅಡಿ ಎತ್ತರದ ಷಟರಿಗೆ ಸುಮಾರು 500 ಕೆ.ಜಿ.! ಹತ್ತು ಮೂಟೆ ಸಿಮೆಂಟು ಒರಗಿಸಿದ ಹಾಗೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು.

ಬಾಗಿಲು ಹೋದರೆ ಬಾಗಿಲಷ್ಟೇ ಹೋಗಲ್ಲ. ಕಾಗದದ ಪೊಟ್ಟಣಕ್ಕೆ ಊದಿದಂತೆ ಒಳಗೆ ಗಾಳಿ ತುಂಬಿ ಶೀಟನ್ನು ಕೆಳಗಿನಿಂದ ಎತ್ತುತ್ತೆ. ಮೇಲೆ ಬೀಸೋ ಗಾಳಿ ಆಗಲೇ ಅದನ್ನು ಹೀರ್ತಾ ಇರುತ್ತೆ. ಎರಡೂ ಸೇರಿದ ಮೇಲೆ ನಾಲ್ಕು ಕಲ್ಲು ಏನು ಮಾಡೀತು? ಅದೇ ಮಾನಕದಲ್ಲಿ ಮುಚ್ಚಿದ ಕಟ್ಟಡದ ಒಳಒತ್ತಡಕ್ಕೆ 0.2 ಅಂತ ಹಿಡಿದರೆ, ದೊಡ್ಡ ಬಾಯಿ ತೆರೆದದ್ದಕ್ಕೆ 0.7 ಹಿಡೀತಾರೆ. ಮೂರೂವರೆ ಪಟ್ಟು!

1992ರ ಆಗಸ್ಟ್ 24ರಂದು ಅಮೆರಿಕದ ಫ್ಲಾರಿಡಾಕ್ಕೆ ಆಂಡ್ರ್ಯೂ ಚಂಡಮಾರುತ ಬಡಿಯಿತು. ಅಲ್ಲಿ ಮನೆಗೇ ಅಂಟಿಕೊಂಡಂತೆ ಕಾರು ನಿಲ್ಲಿಸೋ ಗ್ಯಾರೇಜು ಇರುತ್ತೆ, ಅದಕ್ಕೆ ಅಗಲವಾದ ಬಾಗಿಲು. ಎಷ್ಟೋ ಮನೆಗಳಲ್ಲಿ ಮೊದಲು ಆ ಬಾಗಿಲು ಮುರಿದು, ಆಮೇಲೆ ಛಾವಣಿ ಎದ್ದುಹೋಯಿತು. ಆಮೇಲೆ ಅಲ್ಲಿ ಕಟ್ಟಡದ ನಿಯಮಗಳನ್ನೇ ಬಿಗಿ ಮಾಡಿದರು.

ನಮ್ಮಲ್ಲಿ ಕೆಲವರು “ಬಿರುಗಾಳೀಲಿ ಬಾಗಿಲು ತೆಗೆದಿಡ್ರೋ, ಗಾಳಿ ಆಡ್ಲಿ” ಅಂತಾರೆ. ದೊಡ್ಡವರ ಮಾತಾದರೂ ನಾನು ಒಪ್ಪಲ್ಲ. ಸ್ಕೂಲು ಬಿಟ್ಟಾಗ ಮಳೆ ಬಂದರೆ ನಾವೆಲ್ಲ ನಿಲ್ಲೋದು ಅಂಥ ಅರ್ಧ ಎತ್ತಿದ ಷಟರಿನ ಕೆಳಗೇ ಅಲ್ವಾ? ಅಲ್ಲಿಂದ ಶೀಟು, ಕಲ್ಲು ಎರಡೂ ಹಾರುತ್ತೆ.

ಕೆರೆ ಏರಿ ಕೆಳಗೆ ಹೊಸ ಶೆಡ್ಡು ಏಳ್ತಾ ಇದೆ. ಷಟರು 14 ಅಡಿ ಅಗಲವಂತೆ, ಇನ್ನೂ ಕೂರಿಸಿಲ್ಲ. ಚಾನೆಲ್ಲು ಆಳವಾಗಿರಲಿ, ಪಟ್ಟಿ ತುದಿಗೆ ಜಾರದಂಥ ಕೊಕ್ಕೆ ಇರಲಿ, ನಡುವೆ ಬೇಕಾದಾಗ ತೆಗೆಯೋ ಹಾಗೆ ಒಂದು ಕಬ್ಬಿಣದ ಕಂಬ ಇರಲಿ. ಶೀಟಿನ ಬೋಲ್ಟಿಗೂ ಕಂಜೂಸಿ ಬೇಡ. ಗಣಿತದ ಮೇಷ್ಟ್ರು ಒಂದ್ಸಲ ಹೋಗಿ ಈ ಲೆಕ್ಕ ಹೇಳಿದರೆ ಶೆಡ್ಡಿನವರು ಕೇಳ್ತಾರೆ. ನಾನು ಹೇಳಿದರೆ “ಹೋಗೋ, ಓದ್ಕೋ ಹೋಗು” ಅಂತಾರೆ.