ಹಿಮಕಾಲದ ತಿರುಗಾಟ

ನವೆಂಬರ್ ತಿಂಗಳ ನಡುಭಾಗದಿಂದ ಡಿಸೆಂಬರ್ ಕೊನೆಯವರೆಗೆ ಅಮೆರಿಕದ ನಗರಗಳಲ್ಲಿ ವರ್ಷವರ್ಷವೂ ಒಂದು ವಿಲಕ್ಷಣವಾದ ಸಂಗೀತೋತ್ಸವ ನಡೆಯುತ್ತದೆ. ಅದನ್ನು ನಡೆಸುವ ತಂಡದ ಹೆಸರು ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾ. ಹೆಸರು ಸೈಬೀರಿಯದ್ದಾದರೂ ತಂಡದ ಬೇರು ಇರುವುದು ಫ್ಲಾರಿಡಾದಲ್ಲಿ. ಐಸ್ ಹಾಕಿ, ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗಾಗಿ ಕಟ್ಟಿದ ಚಾವಣಿಯುಳ್ಳ ಭಾರಿ ಕ್ರೀಡಾಂಗಣಗಳೇ ಅದರ ರಂಗಸ್ಥಳ. ವಿದ್ಯುತ್ ಗಿಟಾರುಗಳ ಅಬ್ಬರ, ಪಿಟೀಲುಗಳ ಸಾಲು, ಗಾಯಕರ ವೃಂದ, ನಡುನಡುವೆ ಕಥೆ ಹೇಳುವ ನಿರೂಪಕ, ಬಣ್ಣಬಣ್ಣದ ಬೆಳಕಿನ ಕಿರಣಗಳು, ವೇದಿಕೆಯ ಮೇಲೇಳುವ ನಿಜವಾದ ಬೆಂಕಿಯ ಜ್ವಾಲೆ: ಇವೆಲ್ಲವೂ ಸೇರಿ ಒಂದು ಪ್ರಯೋಗ. ಮುಂದೆ ಕುಳಿತವರಲ್ಲಿ ಅಜ್ಜಂದಿರೂ ಇರುತ್ತಾರೆ, ಮೊಮ್ಮಕ್ಕಳೂ ಇರುತ್ತಾರೆ.

ನಾನು ಆ ಕ್ರೀಡಾಂಗಣಗಳಲ್ಲಿ ಕುಳಿತವನಲ್ಲ. ಮುದ್ರಿಕೆಗಳಲ್ಲಿ ಕೇಳಿ, ಚಿತ್ರಗಳಲ್ಲಿ ಕಂಡವನು. ಮೊದಲ ಸಲ ಕಂಡಾಗ ಬೆಂಕಿಯ ಜ್ವಾಲೆಗೂ ಶಿಶುಕ್ರಿಸ್ತನ ಹುಟ್ಟುಹಬ್ಬಕ್ಕೂ ಏನು ಸಂಬಂಧವೆಂದು ನಕ್ಕೆನೆಂಬುದನ್ನು ಒಪ್ಪಿಕೊಳ್ಳಬೇಕು. ಆಮೇಲೆ ಆ ತಂಡದ ಅತ್ಯಂತ ಜನಪ್ರಿಯವಾದ ಕೃತಿಯ ಪೂರ್ವವೃತ್ತಾಂತವನ್ನು ಓದಿದೆ. ನಗೆ ನಿಂತಿತು.

ಆ ಕೃತಿಯಲ್ಲಿ ಹಾಡಿಲ್ಲ, ವಾದ್ಯ ಮಾತ್ರ. ಅದರ ಹೆಸರಿನಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆಯೂ ಇದೆ, ಸರಾಯೆವೊ ನಗರವೂ ಇದೆ. ಅದು ಮೊದಲು ಹೊರಬಂದದ್ದು 1995ರಲ್ಲಿ, ಸಾವಟಾಜ್ ಎಂಬ ಫ್ಲಾರಿಡಾದ ರಾಕ್ ತಂಡದ ಮುದ್ರಿಕೆಯಲ್ಲಿ. ಆ ತಂಡವನ್ನು ಕಟ್ಟಿದ ಅಣ್ಣತಮ್ಮಂದಿರಲ್ಲಿ ಕಿರಿಯನಾದ ಗಿಟಾರ್ ವಾದಕ ಕ್ರಿಸ್ ಒಲಿವಾ 1993ರಲ್ಲಿ, ಕುಡಿದು ವಾಹನ ನಡೆಸುತ್ತಿದ್ದವನೊಬ್ಬನಿಂದ ರಸ್ತೆಯಲ್ಲಿ ಸತ್ತಿದ್ದ. ಅಣ್ಣ ಜಾನ್ ಒಲಿವಾ, ನಿರ್ಮಾಪಕ ಪಾಲ್ ಓ'ನೀಲ್ ಮೊದಲಾದವರು ಆ ದುಃಖದ ಬಳಿಕ ಬೋಸ್ನಿಯದ ಯುದ್ಧವನ್ನು ವಸ್ತುವಾಗಿಟ್ಟುಕೊಂಡು ಒಂದು ಕಥಾಸಂಗೀತವನ್ನು ರಚಿಸಿದರು. ಎದುರುಬದುರು ಪಕ್ಷಗಳಲ್ಲಿ ನಿಂತ ಒಬ್ಬ ಸರ್ಬ್ ಹುಡುಗ, ಒಬ್ಬ ಮುಸ್ಲಿಂ ಹುಡುಗಿ. ಇವರಿಬ್ಬರ ನಡುವೆ, ಹಾಳುಬಿದ್ದ ಚೌಕದಲ್ಲಿ ಸೆಲ್ಲೋ ನುಡಿಸುವ ಒಬ್ಬ ಮುದುಕ. ಓ'ನೀಲ್ ಕೊಟ್ಟ ವಿವರಣೆಯಂತೆ ಆ ಕೃತಿಯಲ್ಲಿ ಸಿಂಫನಿಯ ವಾದ್ಯವೃಂದ ಯುದ್ಧದ ಒಂದು ಪಕ್ಷ, ರಾಕ್ ತಂಡ ಇನ್ನೊಂದು ಪಕ್ಷ. ಒಂಟಿ ಸೆಲ್ಲೋ ಆ ಮನುಷ್ಯ. ಹಾಗೆಂದು ತಿಳಿದ ಮೇಲೆ ಗಿಟಾರಿನ ಅಬ್ಬರ ಬೇರೆಯದೇ ಆಗಿ ಕೇಳಿಸುತ್ತದೆ. ಅದೇ ಮುದ್ರಣವನ್ನು 1996ರಲ್ಲಿ ಹೊಸ ತಂಡದ ಮೊದಲ ಮುದ್ರಿಕೆಗೆ ಸೇರಿಸಿದರು. ಹೆಸರು ಬದಲಾಯಿತು, ನಾದ ಬದಲಾಗಲಿಲ್ಲ. ಯುದ್ಧದ ಮೇಲಿನ ಒಂದು ವ್ಯಾಖ್ಯಾನ ಹಬ್ಬದ ಸಂಗೀತವಾಯಿತು.

ಇಲ್ಲಿ ಸತ್ಯವೂ ಒಂದಿಷ್ಟು ಬದಲಾಯಿತೆನ್ನಬೇಕು. ಸರಾಯೆವೊದಲ್ಲಿ ನಿಜವಾಗಿ ಸೆಲ್ಲೋ ನುಡಿಸಿದ ವೆದ್ರಾನ್ ಸ್ಮೈಲೊವಿಚ್ ಮುದುಕನಾಗಿರಲಿಲ್ಲ. ಆಗ ಆತನ ವಯಸ್ಸು ಮೂವತ್ತೈದು ಮೂವತ್ತಾರು. ಎಲ್ಲಿಂದಲೋ ಹಿಂದಿರುಗಿ ಬಂದವನೂ ಅಲ್ಲ, ಆ ಊರಿನ ವಾದ್ಯವೃಂದಗಳಲ್ಲೇ ದುಡಿಯುತ್ತಿದ್ದವನು. 1992ರ ಮೇ 27ರಂದು ರೊಟ್ಟಿಗಾಗಿ ಸಾಲು ನಿಂತಿದ್ದವರ ಮೇಲೆ ಗುಂಡು ಬಿದ್ದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಆ ಬಳಿಕ ಆತ ಕಚೇರಿಯ ಉಡುಪನ್ನೇ ತೊಟ್ಟು ಬೀದಿಗೆ ಬಂದು, ಆಲ್ಬಿನೋನಿಯ ಹೆಸರಿನಲ್ಲಿ ಪ್ರಸಿದ್ಧವಾದ ಅಡಾಜಿಯೊವನ್ನು ನುಡಿಸಿದ. ಕ್ರಿಸ್‌ಮಸ್ ಹಾಡುಗಳು ಅಮೆರಿಕದ ಕಲ್ಪನೆ ಸೇರಿಸಿದ್ದು. ಕವಿಗೆ ಇಂಥ ಸ್ವಾತಂತ್ರ್ಯ ಉಂಟೆಂದು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಮೂಲಕಥೆಯನ್ನು ಮಾರ್ಪಡಿಸಿದ ಮಹಾಕವಿಗಳನ್ನು ಅದಕ್ಕಾಗಿಯೇ ಮೆಚ್ಚುತ್ತೇವೆ. ಆದರೆ ಮೂಲಕಥೆಯ ನಾಯಕ ಇನ್ನೂ ಬದುಕಿರುವಾಗ ಆ ಮಾತನ್ನು ಅಷ್ಟು ಸಲೀಸಾಗಿ ಆಡಲು ನನಗೆ ನಾಲಗೆ ಬಾರದು. 2008ರಲ್ಲಿ ಕೆನಡಾದ ಲೇಖಕನೊಬ್ಬ ಇದೇ ಘಟನೆಯಿಂದ ಒಂದು ಕಾದಂಬರಿಯನ್ನು ಹೆಣೆದಾಗ ಸ್ಮೈಲೊವಿಚ್ ಬಹಿರಂಗವಾಗಿಯೇ ಸಿಟ್ಟಾದ. ತನ್ನ ಬಾಳಿನ ಒಂದು ತುಂಡನ್ನು ಕೇಳದೆ ತೆಗೆದುಕೊಂಡರೆಂಬುದು ಆತನ ನೋವು. ಆತ 1993ರಲ್ಲೇ ಊರು ಬಿಟ್ಟು, ಮುಂದೆ ಉತ್ತರ ಐರ್ಲೆಂಡಿನಲ್ಲಿ ನೆಲೆಸಿದವನು.

ಮಧುರವಾದ ಆ ಸ್ವರಮಾಲೆಯ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಕೃತಿಯಲ್ಲಿ ಬೆರೆತಿರುವ ಎರಡು ಹಳೆಯ ಧಾಟಿಗಳಲ್ಲಿ ಒಂದು ಇಂಗ್ಲೆಂಡಿನದು. ಇನ್ನೊಂದು, ನಾಲ್ಕೇ ಸ್ವರಗಳು ಮತ್ತೆ ಮತ್ತೆ ಸುತ್ತುವ ಆ ಮರೆಯಲಾಗದ ಧಾಟಿ, ಉಕ್ರೇನಿನದು. ಮಿಕೋಲಾ ಲಿಯೊಂಟೊವಿಚ್ ಎಂಬ ಸಂಗೀತದ ಉಪಾಧ್ಯಾಯ ಹಳ್ಳಿಯ ಜನಪದ ಗೀತೆಯೊಂದನ್ನು ಗಾಯಕವೃಂದಕ್ಕೆ ಹೊಂದಿಸಿದ. 1916ರಲ್ಲಿ ಕೀವ್‌ನಲ್ಲಿ ಅದನ್ನು ಮೊದಲು ಹಾಡಿದರು. 1921ರ ಜನವರಿಯಲ್ಲಿ, ತಂದೆಯ ಮನೆಗೆ ಹೋಗಿದ್ದಾಗ, ಅಲ್ಲಿ ರಾತ್ರಿ ತಂಗಿದ್ದ ಸೋವಿಯೆತ್ ಗುಪ್ತಪೊಲೀಸಿನವನೊಬ್ಬ ಆತನನ್ನು ಗುಂಡಿಕ್ಕಿ ಕೊಂದ. ಮರುವರ್ಷ ಉಕ್ರೇನಿನ ಗಾಯಕರು ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಆ ಗೀತೆಯನ್ನು ಹಾಡಿದರು. 1936ರಲ್ಲಿ ಪೀಟರ್ ವಿಲ್ಹೌಸ್ಕಿ ಅದಕ್ಕೆ ಗಂಟೆಗಳ ಕುರಿತಾದ ಇಂಗ್ಲಿಷ್ ಸಾಹಿತ್ಯವನ್ನು ಕೂಡಿಸಿದ. ಮೂಲದಲ್ಲಿ ಗಂಟೆಯೂ ಇಲ್ಲ, ಕ್ರಿಸ್ತನೂ ಇಲ್ಲ. ಅಂಬರಗುಬ್ಬಿಯೊಂದು ಮನೆಗೆ ಹಾರಿ ಬಂದು ಯಜಮಾನನನ್ನು ಹೊರಗೆ ಕರೆದು, ಹಟ್ಟಿಯಲ್ಲಿ ಕುರಿಗಳು ಮರಿ ಹಾಕಿರುವುದನ್ನು ನೋಡೆಂದು ಹೇಳುವ ಹೊಸವರ್ಷದ ಹರಕೆ ಅದು. ಹೊಸವರ್ಷ ವಸಂತದಲ್ಲಿ ಬರುತ್ತಿದ್ದ ಕಾಲದ ನೆನಪೆಂದು ತಿಳಿದವರು ಹೇಳುತ್ತಾರೆ. ಯುಗಾದಿಯವರಾದ ನಮಗೆ ಇದು ಬೇಗ ಅರ್ಥವಾಗಬೇಕು.

ತಿರುಗಾಟದ ವ್ಯವಹಾರಕ್ಕೆ ಬರೋಣ. 1999ರಲ್ಲಿ ಫಿಲಡೆಲ್ಫಿಯದ ಒಂದು ನಾಟಕಶಾಲೆಯಲ್ಲಿ ಮೊದಲ ಪ್ರಯೋಗ ನಡೆಯಿತು. ಋತು ಸಣ್ಣದು, ಊರುಗಳು ಬಹಳ. ಆದ್ದರಿಂದ ಬೇಗನೆ ತಂಡವನ್ನು ಎರಡಾಗಿ ಮಾಡಿ, ಒಂದು ಪೂರ್ವದ ಕಡೆಗೆ, ಒಂದು ಪಶ್ಚಿಮದ ಕಡೆಗೆ, ಒಂದೇ ಪ್ರಸಂಗವನ್ನು ಏಕಕಾಲದಲ್ಲಿ ಆಡತೊಡಗಿದರು. ಒಂದೇ ಹೆಸರಿನ ಹಲವು ಮೇಳಗಳು ಹೊರಡುವುದನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇರದು. ಅನೇಕ ದಿನ ಮಧ್ಯಾಹ್ನವೊಂದು, ರಾತ್ರಿಯೊಂದು ಆಟ. ಮುಖ್ಯ ವಾದಕರು ತಂಡದವರು. ಪಿಟೀಲಿನ ಸಾಲಿಗೆ ಆಯಾ ಊರಿನ ವಾದಕರನ್ನೇ ಕೂಡಿಸಿಕೊಳ್ಳುವುದು ಬಹುಕಾಲದ ವಾಡಿಕೆ. ಟಿಕೀಟಿಗೆ ಒಂದು ಡಾಲರಿಗೆ ಕಡಿಮೆಯಿಲ್ಲದಂತೆ ಧರ್ಮಕಾರ್ಯಕ್ಕೆ ತೆಗೆದಿಡುತ್ತಾರೆ. ಇದನ್ನೆಲ್ಲ ಬರಿಯ ವ್ಯಾಪಾರವೆಂದು ತಳ್ಳಿಬಿಡುವ ವಿಮರ್ಶಕರಿದ್ದಾರೆ. ವ್ಯಾಪಾರವಲ್ಲವೆಂದು ನಾನೂ ಹೇಳಲಾರೆ. ಆದರೆ ಆ ಕಥೆಗಳಲ್ಲಿ ಬರುವವರು ಯಾರೆಂದು ನೋಡಬೇಕು. ಮನೆ ಬಿಟ್ಟು ಓಡಿಬಂದು, ಪಾಳುಬಿದ್ದ ನಾಟಕಶಾಲೆಯಲ್ಲಿ ಹಬ್ಬದ ರಾತ್ರಿಯನ್ನು ಕಳೆಯುವ ಹುಡುಗಿ. ಮಗಳ ದಾರಿ ಕಾಯುವ ತಂದೆ. ಉಡುಗೊರೆಗಳ ಹಬ್ಬದಲ್ಲಿ ಮನೆಯೇ ಇಲ್ಲದವರನ್ನು ನಡುರಂಗಕ್ಕೆ ತಂದು ನಿಲ್ಲಿಸುವುದು ಮಾರಾಟಗಾರನ ಮೊದಲ ಆಲೋಚನೆಯಾಗಲಾರದು. ಭಾವಾತಿರೇಕವಿದೆ, ಸರಿ. ಸಾಹಿತ್ಯವೂ ಕೆಲವೆಡೆ ತೆಳು. ನನಗೆ ಬೇಸರ ತರುವುದು ಬೆಳಕು. ಕಿವಿ ಕೇಳಬೇಕೆನ್ನುವಾಗ ಕಣ್ಣು ಬಿಡುವುದಿಲ್ಲ.

ಓ'ನೀಲ್ 2017ರ ಏಪ್ರಿಲ್‌ನಲ್ಲಿ ತೀರಿಕೊಂಡ. ತಂಡ ಅದೇ ವರ್ಷ ಚಳಿಗಾಲದಲ್ಲಿ ಮತ್ತೆ ಹೊರಟಿತು. 2020ರಲ್ಲಿ ಮಹಾಮಾರಿಯ ದೆಸೆಯಿಂದ ತಿರುಗಾಟ ನಿಂತು, ಡಿಸೆಂಬರಿನ ಒಂದು ರಾತ್ರಿ ಖಾಲಿ ಆಸನಗಳ ಬದಲು ತೆರೆಗಳ ಮುಂದಿನವರಿಗಾಗಿ ನುಡಿಸಿದರು. 2021ರಲ್ಲಿ ಮತ್ತೆ ಲಾರಿಗಳು ಹೊರಟವು. ಸೈಬೀರಿಯದ ಹೆಸರಿಟ್ಟವನೂ ಓ'ನೀಲನೇ. ಆ ನೆಲ ಬಹು ಸುಂದರ, ಬಹು ಕ್ರೂರ. ಅಲ್ಲಿರುವವರೆಲ್ಲರಿಗೂ ಸಮಾನವಾದದ್ದು ಅದನ್ನು ಹಾದುಹೋಗುವ ರೈಲುದಾರಿ. ಬಾಳಿನಲ್ಲಿ ಸಂಗೀತವೂ ಹಾಗೆ ಎಂಬುದು ಆತನ ಅಭಿಪ್ರಾಯವಾಗಿತ್ತು. 2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ಉಕ್ರೇನಿನೊಳಕ್ಕೆ ನುಗ್ಗಿದ ಮೇಲೆ, ಆ ರೈಲುದಾರಿಯ ಹೆಸರು ಹೊತ್ತ ತಂಡ ಲಿಯೊಂಟೊವಿಚ್‌ನ ಧಾಟಿಯನ್ನು ನುಡಿಸುವುದನ್ನು ನಾನು ಮತ್ತೊಮ್ಮೆ ಕೇಳಿದೆ. ಒಂಟಿ ಸೆಲ್ಲೋ ಮೊದಲು ದನಿಯೆತ್ತಿತು. ಗಿಟಾರುಗಳು ಬರುವುದಕ್ಕೆ ಮುಂಚೆ ಇರುವ ಆ ಕೆಲವು ಕ್ಷಣಗಳಲ್ಲಿ, ಹಟ್ಟಿಯ ಕುರಿಮರಿಗಳನ್ನು ನೋಡಲು ಯಜಮಾನನನ್ನು ಕರೆಯುವ ಆ ಹಕ್ಕಿಯ ನೆನಪಾಯಿತು.