ಮನೆಮುಂದಿನ ದಾರಿ: ಗಾಲಿಗೆ ಕಾಂಕ್ರೀಟು, ಮಳೆಗೆ ಮಣ್ಣು

ಕೃಷಿ ಪತ್ರಿಕೆಯಲ್ಲಿ ಬೆಂಗಳೂರಿನ ಕಾರು ನಿಲ್ಲಿಸುವ ಅಂಗಳದ ಸುದ್ದಿ ಯಾಕೆ ಅಂತ ಕೆಲವರು ಕೇಳಿಯಾರು. ಕಾರಣ ಇದೆ. ನಮ್ಮ ಕಡೆಯ ಹೆಚ್ಚಿನ ಮನೆಗಳ ಒಂದಾದರೂ ಕುಡಿ ಈಗ ಬೆಂಗಳೂರಿನಲ್ಲಿದೆ. ವಿಳಾಸ ಕೇಳಿದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಎನ್ನುತ್ತಾರೆ. ಅಲ್ಲಿ ಮನೆ ಕಟ್ಟುವಾಗ, ರಿಪೇರಿ ಮಾಡಿಸುವಾಗ ಇಲ್ಲಿಯ ಅಡಿಕೆ, ಕೊಬ್ಬರಿಯ ದುಡ್ಡೂ ಅಷ್ಟಿಷ್ಟು ಸೇರುತ್ತದೆ. ದುಡ್ಡು ಕೊಟ್ಟವರು ಒಂದು ಮಾತು ಹೇಳಿದರೆ ತಪ್ಪೇನಿಲ್ಲ. ಅದರಲ್ಲೂ ಮಣ್ಣು, ನೀರಿನ ವಿಷಯದಲ್ಲಿ ಹೇಳಬೇಕಾದವರು ನಾವೇ.

ಬನಶಂಕರಿಯಲ್ಲಿ ನನ್ನ ಅಕ್ಕ-ಭಾವನ ಹಳೆಯ ಮನೆ ಇದೆ. 40x60 ಅಡಿಯ ಸೈಟು. ಗೇಟಿನಿಂದ ಪೋರ್ಟಿಕೋವರೆಗೆ ಕಾರು ಹೋಗುವ ದಾರಿ 10 ಅಡಿ ಅಗಲ, 30 ಅಡಿ ಉದ್ದ. ಈ ವರ್ಷ ಅದನ್ನು ಹೊಸದು ಮಾಡಿಸುವ ಮಾತು ಬಂತು. ಭಾವನಿಗೆ ಕಾಂಕ್ರೀಟೇ ಆಗಬೇಕು. ಅಳಿಯನಿಗೆ ಡಾಂಬರು, "ರೋಡಿನ ಹಾಗೆ ನೀಟಾಗಿರುತ್ತೆ ಮಾವ" ಅಂತ. ಮೇಸ್ತ್ರಿ ಬಂದವನು, "ಯಜಮಾನ್ರೇ, ಗೋಡೆಯಿಂದ ಗೋಡೆಗೆ ಫುಲ್ ಕಾಂಕ್ರೀಟ್ ಹೊಡ್ಸ್ಬಿಡಿ. ಕಸ ಇಲ್ಲ, ಕೆಸರಿಲ್ಲ, ತೊಳೆದ್ರೆ ಕ್ಲೀನು" ಎಂದ. ನನ್ನ ಅಭಿಪ್ರಾಯ ಕೇಳಿದಾಗ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎರಡರಲ್ಲಿ ಒಂದನ್ನು ಆರಿಸುವುದಾದರೆ ಕಾಂಕ್ರೀಟೇ ಸರಿ. ಆದರೆ ಗಾಲಿ ಓಡುವಷ್ಟಕ್ಕೆ ಮಾತ್ರ. ಉಳಿದದ್ದು ಮಣ್ಣಿಗೆ ಬಿಡಬೇಕು.

ಡಾಂಬರು ಯಾಕೆ ಬೇಡ

ಡಾಂಬರು ಕೆಟ್ಟ ವಸ್ತುವಲ್ಲ. ಉದ್ದ ರಸ್ತೆಗೆ ಅದು ಸರಿಯೇ. ಕೆಲಸ ಬೇಗ ಮುಗಿಯುತ್ತದೆ, ಮರುದಿನವೇ ವಾಹನ ಓಡಿಸಬಹುದು, ಹೊಂಡ ಬಿದ್ದರೆ ತೇಪೆ ಹಾಕಬಹುದು. ಆದರೆ ಅದು ಯಂತ್ರದ ಕೆಲಸ. ಜಲ್ಲಿ-ಡಾಂಬರಿನ ಮಿಶ್ರಣ ಪ್ಲಾಂಟಿನಿಂದ ಬಿಸಿಬಿಸಿ ಬರಬೇಕು, ತಣಿಯುವ ಮೊದಲೇ ಹಾಸಿ ರೋಲರ್ ಓಡಿಸಬೇಕು. 300 ಚದರಡಿಗೆ ಎರಡಂಗುಲ ಹಾಸಿದರೂ ಬೇಕಾಗುವುದು ಮೂರೂವರೆ ಟನ್ ಆಸುಪಾಸು. ಒಂದು ಟಿಪ್ಪರ್ ತುಂಬುವ ಮಾಲೂ ಅಲ್ಲ. ಇಷ್ಟಕ್ಕೆಂದು ಪ್ಲಾಂಟಿನವರು ಬರುವುದು ಕಷ್ಟ. ಬಂದರೂ 10 ಅಡಿ ಗೇಟಿನೊಳಗೆ ದೊಡ್ಡ ರೋಲರ್ ತಿರುಗುವುದು ಹೇಗೆ?

ಹಾಗಾಗಿ ಬೀದಿಯಲ್ಲಿ ಕೆಲಸ ನಡೆಯುವಾಗ ಮಿಕ್ಕ ಡಾಂಬರನ್ನು ಒಳಗೆ ಸುರಿಸಿಕೊಳ್ಳುವವರಿದ್ದಾರೆ. ಅಡಿಪಾಯ ಇಲ್ಲದೆ ಮಣ್ಣಿನ ಮೇಲೆ ಹರಡಿದ ಡಾಂಬರಿಗೆ ಆಯುಸ್ಸಿಲ್ಲ. ಅಡಿಗೆ ನೀರು ಇಳಿದರೆ ಎದ್ದು ಬರುತ್ತದೆ. ಕಾರಿನಿಂದ ಪೆಟ್ರೋಲ್, ಆಯಿಲ್ ತೊಟ್ಟಿಕ್ಕಿದ ಜಾಗ ಮೆತ್ತಗಾಗಿ ಕಿತ್ತುಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಕಪ್ಪು ನೆಲ ಕಾದು ಕಿಟಕಿಯೊಳಗೆ ಬಿಸಿಗಾಳಿ ಕಳಿಸುತ್ತದೆ.

ಕಾಂಕ್ರೀಟಿಗೆ ಈ ರಗಳೆ ಕಡಿಮೆ. ಒಬ್ಬ ಮೇಸ್ತ್ರಿ, ನಾಲ್ಕಾಳು ಸಾಕು. ಆಯಿಲಿಗೆ ಕರಗುವುದಿಲ್ಲ. ಸರಿಯಾಗಿ ಮಾಡಿಸಿದರೆ ದಶಕಗಟ್ಟಲೆ ಬಾಳುತ್ತದೆ. ಬಿರುಕು ಬಿಟ್ಟರೆ ಮುಚ್ಚುವುದು ಕಷ್ಟ, ಪೈಪು ಹಾಕಲು ಒಡೆಯುವುದೂ ಕಷ್ಟ ಎನ್ನುವುದು ಅದರ ಕೊರತೆ.

ಮಳೆಯ ಲೆಕ್ಕ

ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದು ನಮಗೆ ಗೊತ್ತಿರುವ ಲೆಕ್ಕ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ನಮ್ಮ ಕರಾವಳಿಗೆ ಹೋಲಿಸಿದರೆ ಕಾಲು ಭಾಗ. ಆದರೂ 300 ಚದರಡಿ, ಅಂದರೆ 28 ಚದರ ಮೀಟರ್ ದಾರಿಯ ಮೇಲೆ ವರ್ಷಕ್ಕೆ ಬೀಳುವ ನೀರು ಸುಮಾರು 27,000 ಲೀಟರ್. ಒಂದು ಕಾರಿನ ದಾರಿಗೆ ಇಷ್ಟು! ಗೋಡೆಯಿಂದ ಗೋಡೆಗೆ ಮುಚ್ಚಿದರೆ ಇದರಲ್ಲಿ ಹೆಚ್ಚಿನದು ಗೇಟು ದಾಟಿ ಚರಂಡಿಗೆ. ಡಾಂಬರಾದರೂ ಅಷ್ಟೆ, ಕಾಂಕ್ರೀಟಾದರೂ ಅಷ್ಟೆ.

2024ರ ಬೇಸಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದ್ದು ನೆನಪಿರಬಹುದು. ಆ ಮಾರ್ಚಿನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಕಟ್ಟಬೇಕಾಯಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂ. ದಂಡ ಎಂದು ಜಲಮಂಡಳಿ ಪ್ರಕಟಿಸಿತು. ಆ ದರದಲ್ಲೇ ನೋಡಿ. ನಮ್ಮ ದಾರಿಯ ಮೇಲಿನ ಮಳೆ ನಾಲ್ಕೂವರೆ ಟ್ಯಾಂಕರ್ ಆಯಿತು.

ಅಲ್ಲಿಯ ನಲ್ಲಿನೀರಾದರೂ ಎಲ್ಲಿಯದು? ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಹಂತಹಂತವಾಗಿ ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿ. ಅದೇ ಹೊಳೆಯ ನೀರಿಗೆ ಗದ್ದೆಯ ರೈತರೂ ಕಾಯುತ್ತಾರೆ. ಅಂಥ ನೀರಲ್ಲಿ ಕಾಂಕ್ರೀಟು ಅಂಗಳ ತೊಳೆದು, ಅದೇ ಅಂಗಳಕ್ಕೆ ಬಿದ್ದ ಮಳೆಯನ್ನು ಚರಂಡಿಗೆ ಬಿಡುವುದು ಯಾವ ಲೆಕ್ಕ?

ಚರಂಡಿಗೆ ಬಿಟ್ಟ ನೀರು ಅಲ್ಲಿಗೇ ಮುಗಿಯುವುದೂ ಇಲ್ಲ. ಎತ್ತರದ ಬೀದಿಯವರು ಬಿಟ್ಟದ್ದು ತಗ್ಗಿನವರ ಮನೆಗೆ ನುಗ್ಗುತ್ತದೆ. 2025ರ ಮೇ ತಿಂಗಳ ಮಳೆಯಲ್ಲಿ ಬಿ.ಟಿ.ಎಂ. ಲೇಔಟಿನ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ತುಂಬಿತ್ತು. ಅದನ್ನು ಪಂಪು ಮಾಡುವಾಗ ಕರೆಂಟು ಹೊಡೆದು ಇಬ್ಬರು ಸತ್ತರು. ಒಬ್ಬ ಇನ್ನೂ ಹುಡುಗ. ಒಂದು ಮನೆಯ ಅಂಗಳದಿಂದ ನೆರೆ ಬರುವುದಿಲ್ಲ, ನಿಜ. ಸಾವಿರಾರು ಅಂಗಳ ಸೇರಿದರೆ ಬರುತ್ತದೆ.

ಎರಡು ಪಟ್ಟಿ ಸಾಕು

ನಮ್ಮ ಗುಡ್ಡದ ಮನೆಗಳ ದಾರಿ ನೋಡಿ. ಏರಿನಲ್ಲಿ ಜೀಪು ಜಾರದಿರಲು ಗಾಲಿಗೆ ಎರಡು ಪಟ್ಟಿ ಕಾಂಕ್ರೀಟು, ನಡುವೆ ಹುಲ್ಲು. ದುಡ್ಡಿಲ್ಲದ್ದಕ್ಕೆ ಮಾಡಿದ ಉಪಾಯ ಇದು. ಪಟ್ಟಣದ ಅಂಗಳಕ್ಕೂ ಇದೇ ಲಾಯಕ್ಕು.

ಪಟ್ಟಿ ಎರಡೆರಡು ಅಡಿ ಅಗಲ. ನಡುವೆ ಎರಡೂವರೆಯಿಂದ ಮೂರು ಅಡಿ ಬಿಡಬೇಕು. ಮೊದಲು ಮನೆಯ ಕಾರಿನ ಎರಡು ಗಾಲಿಗಳ ನಡುವಿನ ಅಂತರ ಅಳೆದುಕೊಳ್ಳಿ. ತಿರುವು ಇದ್ದಲ್ಲಿ ಅಗಲ ಹೆಚ್ಚಿಸಿ. ಪಟ್ಟಿಯ ಜಾಗದಲ್ಲಿ ಎಂಟೊಂಬತ್ತು ಅಂಗುಲ ಅಗೆದು, ನಾಲ್ಕೈದು ಅಂಗುಲ ಜಲ್ಲಿ ಹಾಕಿ ಚೆನ್ನಾಗಿ ದಮ್ಮಸು ಮಾಡಬೇಕು. ಅದರ ಮೇಲೆ ನಾಲ್ಕಂಗುಲ ಕಾಂಕ್ರೀಟು: ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ನೀರು ಜಾಸ್ತಿ ಸುರಿಯಲು ಬಿಡಬೇಡಿ. ಕಲಸಲು ಸುಲಭವಾಗುತ್ತದೆ, ಬಲ ಹೋಗುತ್ತದೆ. ಎಂಟು ಅಡಿಗೊಂದು ಜಾಯಿಂಟ್ ಕೊಡಿ. ಬಿರುಕು ಬರುವುದಿದ್ದರೆ ಅಲ್ಲೇ ಬರಲಿ. ಹತ್ತು ದಿನ ಒದ್ದೆ ಗೋಣಿ ಹೊದಿಸಿಡಿ, ಮೂರು ವಾರ ಕಾರು ಹತ್ತಿಸಬೇಡಿ. ಮೇಲ್ಮೈಗೆ ಕಸಬರಿಕೆ ಎಳೆದು ದೊರಗು ಮಾಡಿಸಿ. ನುಣುಪು ಮಾಡಿದರೆ ಮಳೆಗೆ ಮುದುಕರು ಜಾರುತ್ತಾರೆ. ಇದು ಕಾರಿಗೆ ಸಾಕಾಗುವ ದಪ್ಪ. ತುಂಬಿದ ಟ್ಯಾಂಕರ್ ಒಳಗೆ ಬರುವುದಿದ್ದರೆ ಇದು ಸಾಲದು.

ಖರ್ಚಿನ ಲೆಕ್ಕವೂ ನೋಡಿ. ಇಡೀ 300 ಚದರಡಿಗೆ ನಾಲ್ಕಂಗುಲ ಹಾಕಿದರೆ 22-23 ಚೀಲ ಸಿಮೆಂಟು ಬೇಕು. ಎರಡು ಪಟ್ಟಿ ಸೇರಿ 120 ಚದರಡಿ, 9 ಚೀಲ ಸಾಕು. ಮರಳು, ಜಲ್ಲಿಯೂ ಅದೇ ಪ್ರಮಾಣದಲ್ಲಿ ಉಳಿಯುತ್ತದೆ. ಉಳಿದ 180 ಚದರಡಿಗೆ ನೇರವಾಗಿ ಬೀಳುವ ಮಳೆಯೇ ವರ್ಷಕ್ಕೆ 16,000 ಲೀಟರ್. ಪಟ್ಟಿಯ ಮೇಲೆ ಬಿದ್ದದ್ದೂ ಪಕ್ಕದ ಮಣ್ಣಿಗೇ ಜಾರುತ್ತದೆ. ಎಲ್ಲವೂ ಇಂಗುವುದಿಲ್ಲ, ಸ್ವಲ್ಪ ಆವಿಯಾಗುತ್ತದೆ, ಜೋರು ಮಳೆಗೆ ಸ್ವಲ್ಪ ಹರಿಯುತ್ತದೆ. ಆದರೂ ಚರಂಡಿಗೆ ಕೊಡುವ ಪಾಲು ತುಂಬ ಕಡಿಮೆಯಾಗುತ್ತದೆ.

ಕೆಸರು, ಕಸದ ಪ್ರಶ್ನೆ

ಕೆಸರಿನ ಮಾತು ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಬೋಳು ಮಣ್ಣು ಬಿಟ್ಟರೆ ಕೆಸರಾಗುತ್ತದೆ. ನಡುವಿನ ಜಾಗವನ್ನು ಪಟ್ಟಿಗಿಂತ ಅರ್ಧ ಅಂಗುಲ ತಗ್ಗಿಸಿ ಗರಿಕೆ ಬೆಳೆಸಿ. ನೋಡಿಕೊಳ್ಳುವವರಿಲ್ಲದಿದ್ದರೆ ಮೂರಂಗುಲ ದಪ್ಪ ಜಲ್ಲಿ ಹಾಕಿ, ಪುಡಿ ಬೆರೆಸದೆ. ಇಳಿಜಾರು ಮನೆಯ ಗೋಡೆಯಿಂದ ಆಚೆಗಿರಲಿ, 30 ಅಡಿಗೆ ಆರಂಗುಲ ಸಾಕು. ಮನೆಯಲ್ಲಿ ಕೋಲೂರಿ ನಡೆಯುವವರು, ಗಾಲಿಕುರ್ಚಿಯವರು ಇದ್ದರೆ ಒಂದು ಪಟ್ಟಿಯನ್ನು ಮೂರಡಿ ಮಾಡಿ. ಇಂಟರ್‌ಲಾಕ್ ಹಾಕಿಸುವುದಾದರೆ ಸಂದಿಗೆ ಮರಳೇ ಇರಲಿ. ಸಿಮೆಂಟು ತುಂಬಿದರೆ ಅದೂ ಕಾಂಕ್ರೀಟೇ.

ಮರ ಇದ್ದರೆ ಅದರ ಬುಡಕ್ಕೆ ಮೂರಡಿಯಾದರೂ ಜಾಗ ಬಿಡಿ. ಬುಡ ಕಟ್ಟಿದರೆ ಗಿಡ ಸೊರಗುತ್ತದೆ ಎನ್ನುವುದು ನಮಗೆ ಹೊಸತಲ್ಲ. ದೆಹಲಿಯಲ್ಲಿ ಮರಗಳ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು.

ಇನ್ನೊಂದು ಎಚ್ಚರ. ದಾರಿಯ ನೀರನ್ನು ನೇರ ಇಂಗುಬಾವಿಗಾಗಲೀ ಬೋರ್‌ವೆಲ್ಲಿಗಾಗಲೀ ಬಿಡಬೇಡಿ. ಅದರಲ್ಲಿ ಕಾರಿನ ಆಯಿಲ್ ಇರುತ್ತದೆ. ಅದು ಹುಲ್ಲು, ಮಣ್ಣು ದಾಟಿ ಇಳಿಯಲಿ. ಇಂಗುಬಾವಿಗೆ ಚಾವಣಿಯ ನೀರನ್ನು ಸೋಸಿ ಕೊಡಿ. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿಗೆ ರಿಂಗು ಇಳಿಸಿಕೊಡುವ ಮಣ್ಣು ವಡ್ಡರು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ. 2009ರಲ್ಲಿ ಜಲಮಂಡಳಿ ಕಾಯಿದೆಗೆ ತಿದ್ದುಪಡಿ ತಂದು, 40x60ರ ಹಳೆಯ ಮನೆಗಳಿಗೂ 30x40ರ ಹೊಸ ಮನೆಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿದರು. ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆಕೊಯ್ಲು ಉದ್ಯಾನವೇ ಇದೆ. ನೀರಿಂಗಿಸುವ ಹಲವು ವಿಧಾನಗಳನ್ನು ಅಲ್ಲಿ ಮಾಡಿ ತೋರಿಸಿದ್ದಾರೆ. ಮಕ್ಕಳ ಮನೆಗೆ ಹೋದಾಗ ಒಂದು ಬೆಳಗ್ಗೆ ಅಲ್ಲಿಗೂ ಹೋಗಿಬನ್ನಿ.

ನಮ್ಮ ಅಂಗಳವೂ ಇದೆ

ಪೇಟೆಯವರಿಗೆ ಬುದ್ಧಿ ಹೇಳುವಾಗ ನಮ್ಮ ಹಿತ್ತಿಲನ್ನೂ ನೋಡಬೇಕು. ಚಾಲಿ ಒಣಗಲು ನಲುವತ್ತು ದಿನದ ಬಿಸಿಲು ಬೇಕು. ಅದಕ್ಕೆ ಕಾಂಕ್ರೀಟು ಅಂಗಳ ಮಾಡಿಸಿದರೆ ಅರ್ಥ ಇದೆ. ಆದರೆ ಈಗ ಕೊಟ್ಟಿಗೆಯವರೆಗೆ, ಬಾವಿಕಟ್ಟೆಯವರೆಗೆ, ಗೇಟಿನವರೆಗೆ ಸಿಮೆಂಟು ಎಳೆಯುವ ಚಟ ಹಳ್ಳಿಗೂ ಬಂದಿದೆ. ಅಂಗಳದ ನೀರು ತೋಡಿಗೆ, ಬೇಸಗೆಯಲ್ಲಿ ಬೋರ್ ಕೊರೆಸಲು ಸಾಲ. ಬೆಂಗಳೂರು ಹೋದ ದಾರಿಯಲ್ಲೇ ನಾವೂ ಹೊರಟಿದ್ದೇವೆ.

ಕಾಂಕ್ರೀಟೋ ಡಾಂಬರೋ ಎಂದು ಯಾರಾದರೂ ಕೇಳಿದರೆ, ಎಷ್ಟು ಅಗಲ ಅಂತ ಮೊದಲು ಕೇಳಿ. ಬೇಕಾದಲ್ಲಿ ಗಟ್ಟಿಯಾಗಿ ಹಾಕಲಿ, ಬೇಡದಲ್ಲಿ ಹಾಕುವುದೇ ಬೇಡ. ಒಂದು ಟೇಪು, ಒಂದು ಚೂರು ಸುಣ್ಣ ಇದ್ದರೆ ಮೇಸ್ತ್ರಿ ಬರುವ ಮುಂಚೆಯೇ ನೀವೇ ಎರಡು ಗೆರೆ ಎಳೆದುಕೊಡಬಹುದು.